ಕೂಗಿ ಕರೆಯದ ಮನೆ

ನಾಗವೇಣಿ ಕಾಲೇಜಿನಲ್ಲಿ ಸೈಕಾಲಜಿ ಹಿಡಿದದ್ದು ಯಾಕೆ ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಗಳು ಹುಚ್ಚರ ಡಾಕ್ಟರ್ ಆಗುತ್ತಾಳೆಂದು ತಾಯಿ ಮರಗಮ್ಮ ಗಲ್ಲಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಬ್ಯಾಂಕಿನ ಪರೀಕ್ಷೆಗೆ ಉಪಯೋಗ ಬಿದ್ದರೆ ಸಾಕು ಎಂದು ಅಣ್ಣ ದಿಲೀಪ ಸುಮ್ಮನಾಗಿದ್ದ. ಅವಳ ಫೀಯಲ್ಲಿ ಅರ್ಧ ಕೊಡುತ್ತಿದ್ದ ಅತ್ತಿಗೆ ದಾನಮ್ಮ ಮಾತ್ರ ಏನೂ ಕೇಳಿರಲಿಲ್ಲ. ಹುಡುಗಿ ಬೆಳಿಗ್ಗೆ ಓದಲು ಕೂತರೆ ಅವಳ ಪಾಲಿನ ನೀರು ತುಂಬುವ ಕೆಲಸವನ್ನೂ ತಾನೇ ಮಾಡಿ, ಚಹಾದ ಲೋಟ ಅವಳ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೊರಡುತ್ತಿದ್ದಳು.

ಮರಾಠಿ ಸೀಮೆಯ ಘಣಸೋಲಿಯ ಹಳೆ ಊರಿನ ಗಲ್ಲಿಯಲ್ಲಿ ಅವರದು ಒಂದೇ ಖೋಲಿಯ ಮನೆ, ಮೇಲೆ ಹಲಗೆ ಬಡಿದು ಮಾಡಿದ ಮಾಳ. ದಾನಮ್ಮನ ಮಾವ ಸಿದ್ರಾಮ ವಿಜಯಪುರದ ಕಡೆಯಿಂದ ಬಂದು, ರಬಾಳೆಯ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ಆಯುಷ್ಯವೆಲ್ಲ ನಿಂತು ಕಟ್ಟಿಸಿದ ಮನೆ. ಆ ಮಷೀನು ಅವನಿಗೆ ಪಗಾರ ಕೊಟ್ಟಿತು, ಕಿವಿಯನ್ನು ತಾನಿಟ್ಟುಕೊಂಡಿತು. ಮೊದಲು ಜೋರಾಗಿ ಹೇಳಿದರೆ ಕೇಳುತ್ತಿತ್ತು, ಆಮೇಲೆ ಕೂಗಿದರೆ ಕೇಳುತ್ತಿತ್ತು, ಈಗ ಎದುರಿಗೆ ನಿಂತು ತುಟಿ ಆಡಿಸಿದರೆ ಮಾತ್ರ ತಿಳಿಯುತ್ತಿತ್ತು.

ಹೀಗಾಗಿ ಆ ಮನೆಗೆ ತನ್ನದೇ ಒಂದು ರೂಢಿ ಬಂದಿತ್ತು. ಅಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಭುಜ ತಟ್ಟಿ, ಮುಖ ತಿರುಗಿಸಿಕೊಂಡು, ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ಯುವುದು. ನಳ ಬಂದರೆ ಮುಷ್ಟಿ ತಿರುವಿ ತೋರಿಸುವುದು. ಮುದುಕನಿಗೆಂದು ಶುರುವಾದದ್ದು ಎಲ್ಲರ ಕೈಗೂ ಅಂಟಿಕೊಂಡಿತು. ಮದುವೆಯಾಗಿ ಬಂದ ಹೊಸದರಲ್ಲಿ ದಾನಮ್ಮನಿಗೆ ಇದೇನು ಮೂಕರ ಮನೆಗೆ ಬಂದೆನೋ ಅನಿಸಿತ್ತು. ವರ್ಷ ಕಳೆಯುವುದರೊಳಗೆ ಅವಳೂ ಗಂಡನ ಬೆನ್ನು ತಟ್ಟಿಯೇ ಜಗಳ ಶುರು ಮಾಡುವಂತಾದಳು.

ಅವಳ ಮಗ ಭೀಮು ಈ ರೂಢಿಯಲ್ಲೇ ಹುಟ್ಟಿ ಬೆಳೆದವನು. ಮೂರು ವರ್ಷ ದಾಟಿತ್ತು. ಚುರುಕು ಹುಡುಗ, ಮುತ್ಯಾನ ಬಾಲ. ಅಜ್ಜ ಮೊಮ್ಮಗ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿದು ತಿನ್ನುವುದನ್ನು ನೋಡುವುದೇ ಒಂದು ಸೊಗಸು. ಆದರೆ ಮಾತು ಬಂದಿರಲಿಲ್ಲ. ಅಪ್ಪ, ಅವ್ವ, ಬಾ, ಅಷ್ಟೇ. ದಿಲೀಪನೂ ತಡವಾಗಿಯೇ ಮಾತಾಡಿದ್ದ ಎಂದು ಮರಗಮ್ಮ ಸಮಾಧಾನ ಹೇಳುತ್ತಿದ್ದಳು, ಅದು ನಿಜವೋ ಸುಳ್ಳೋ ದಿಲೀಪನಿಗೂ ಗೊತ್ತಿರಲಿಲ್ಲ.

ನಾಗವೇಣಿಯ ಕ್ಲಾಸಿನಲ್ಲಿ ಮಕ್ಕಳ ಬೆಳವಣಿಗೆಯ ಪಾಠ ಶುರುವಾಯಿತು. ಶುರುವಾದದ್ದೇ ತಡ, ಭೀಮು ಅವಳ ಪ್ರಯೋಗಶಾಲೆಯಾದ. ಸೌಟನ್ನು ಟವೆಲ್ಲಿನ ಕೆಳಗೆ ಅಡಗಿಸಿಟ್ಟು ಹುಡುಕುತ್ತಾನೋ ಇಲ್ಲವೋ ನೋಡಿದಳು. ಅವನು ಹುಡುಕಿದ. ಒಂದೇ ಅಳತೆಯ ಹಾಲನ್ನು ಉದ್ದ ಲೋಟಕ್ಕೂ ಅಗಲ ಬಟ್ಟಲಿಗೂ ಸುರಿದು ಎರಡನ್ನೂ ಮುಂದಿಟ್ಟಳು. ಅವನು ಉದ್ದ ಲೋಟಕ್ಕೇ ಕೈ ಹಾಕಿದ. ಈ ವಯಸ್ಸಿನ ಮಕ್ಕಳಿಗೆ ಎತ್ತರ ಕಂಡಿದ್ದೇ ಹೆಚ್ಚು, ಪುಸ್ತಕದಲ್ಲಿ ಇರುವುದೂ ಹೀಗೇ ಎಂದು ನಾಗವೇಣಿ ಕುಣಿದಳು. ಪುಸ್ತಕ ಬರೆದವನು ಭೀಮುನನ್ನು ಎಲ್ಲಿ ನೋಡಿದ್ದ ಅಂತ ಮರಗಮ್ಮ ಕೇಳಿದಳು. ಬಟ್ಟಲಿನ ಹಾಲನ್ನು ಸಿದ್ರಾಮ ಕುಡಿದು ಮುಗಿಸಿದ.

ಅಷ್ಟರಲ್ಲಿ ಬಾಲವಾಡಿಯಿಂದ ದೂರು ಬಂತು. ಹುಡುಗ ಹೇಳಿದ್ದು ಕೇಳುವುದಿಲ್ಲ, ಹಾಡು ಹೇಳಿಕೊಟ್ಟರೆ ಕಿಟಕಿ ನೋಡುತ್ತಾನೆ, ಮೊಂಡ. ಮನೆಯಲ್ಲಿ ಅವನ ಜೊತೆ ಮರಾಠಿ ಮಾತಾಡಿ, ಸರಿಹೋಗುತ್ತಾನೆ ಅಂತ ಟೀಚರಮ್ಮ ಹೇಳಿ ಕಳಿಸಿದಳು. ಮರಗಮ್ಮ ಎರಡು ದಿನ ಮೊಮ್ಮಗನ ಜೊತೆ ಮರಾಠಿ ಆಡಿದಳು. ತಿಳಿಯದ ಮುಖ ಮಾಡಿದ್ದು ಸಿದ್ರಾಮ ಒಬ್ಬನೇ, ಯಾಕೆಂದರೆ ತುಟಿ ಬೇರೆ ಥರ ಆಡುತ್ತಿತ್ತು.

ಮೂರನೆಯ ದಿನ ಊಟದ ಹೊತ್ತಿಗೆ ನಾಗವೇಣಿ ಹೊಸ ಸುದ್ದಿ ತಂದಳು. ರೊಟ್ಟಿ ಮುರಿಯುತ್ತಾ, ಎಲ್ಲೋ ಒಂದು ಕಡೆ ಸಾವಿರಾರು ಮಕ್ಕಳನ್ನು ನೋಡಿದ್ದಾರಂತೆ, ಹೆಚ್ಚು ಮೊಬೈಲ್ ನೋಡುವ ಮಕ್ಕಳಿಗೆ ಮಾತು ತಡವಾಗಿ ಬರುತ್ತದಂತೆ ಎಂದಳು. ಕ್ಲಾಸಿನಲ್ಲಿ ದಮಯಂತಿ ಮೇಡಂ ಬೋರ್ಡಿನ ಮೇಲೆ ಗೆರೆ ಹಾಕಿ ತೋರಿಸಿದರು ಅಂದಳು.

ಮರಗಮ್ಮನ ಕೈ ಬದನೆಕಾಯಿ ಪಲ್ಯದ ಮೇಲೇ ನಿಂತಿತು. "ನಾ ಬಾಯಿ ಬಡಕೊಂಡು ಹೇಳಿದ್ರ ಯಾರ ಕೇಳಿದ್ರು? ಈಗ ಪುಸ್ತಕನ ಹೇಳಾಕತ್ತೈತಿ."

"ಅವ್ವ, ನಾ ಹಂಗ ಅಂದಿಲ್ಲ," ನಾಗವೇಣಿ ಗಡಬಡಿಸಿದಳು.

"ಮತ್ತ ಹೆಂಗ ಅಂದಿ? ತಾಯಿ ಕಂಪನಿಗಿ ಹೋಗ್ತಾಳ. ಕೂಸಿನ ಕೈಯಾಗ ಮೊಬೈಲ್ ಕೊಟ್ಟು ಅಡಗಿ ಮಾಡ್ತಾಳ. ಮಾತ ಎಲ್ಲಿಂದ ಬರಬೇಕು?"

ಮಧ್ಯಾಹ್ನ ಸೆಕ್ಟರ್ ಅನ್ನುವ ಹೊಸ ಬಡಾವಣೆಯ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆದು ಬಂದು ಸೊಂಟ ಚಾಚುವಾಗ ಅದೇ ಮೊಬೈಲನ್ನು ಮೊಮ್ಮಗನ ಕೈಗೆ ಕೊಡುತ್ತಿದ್ದವಳು ಮರಗಮ್ಮನೇ. ಆ ವಿಷಯ ಆ ಹೊತ್ತಿಗೆ ಅವಳ ನೆನಪಿನಿಂದ ಅನುಕೂಲವಾಗಿ ಜಾರಿಹೋಗಿತ್ತು. ದಾನಮ್ಮನಿಗೆ ನಾಲಿಗೆಯ ತುದಿಗೆ ಬಂತು. ಅತ್ತೆಯ ಎದುರು ಆಡಿದರೆ ಜಗಳ ರಾತ್ರಿಯೆಲ್ಲ ಎಳೆಯುತ್ತದೆ, ಬೆಳಿಗ್ಗೆ ಪಾಳಿ ಇದೆ ಅಂತ ನುಂಗಿಕೊಂಡಳು. ನುಂಗಿದ್ದು ತಪ್ಪಾಯಿತು. ಮರುದಿನ ದಿಲೀಪನೂ ಅದೇ ಮಾತು ಎತ್ತಿದ. ಅವನು ಮಾಜಿವಾಡಾದ ಗೋಡೌನಿನಲ್ಲಿ ಲೋಡಿಂಗಿನವನು. ದಿನವೆಲ್ಲ ಮೂಟೆ ಹೊತ್ತು ಬಂದವನಿಗೆ ಮನೆಯಲ್ಲಿ ಯಾರು ಜೋರಾಗಿದ್ದಾರೋ ಅವರ ಕಡೆ ಆಗಿಬಿಡುವುದು ಸುಲಭವಾಗಿತ್ತು.

"ಸ್ವಲ್ಪ ದಿನ ಕೆಲಸ ಬಿಟ್ಟು ನೋಡು. ಮಾತ ಬಂದ ಮ್ಯಾಲ ಮತ್ತ ಹೋಗೀಯಂತ," ಅಂದ.

"ಕೆಲಸ ಅಂದ್ರ ಕಟ್ಟಿ ಮ್ಯಾಲ ಇಟ್ಟ ಚಪ್ಲಿ ಏನು, ಬಂದು ಮತ್ತ ಹಾಕ್ಕೊಳ್ಳಾಕ?"

ಆ ಕೆಲಸ ದಾನಮ್ಮನಿಗೆ ಬರೀ ಪಗಾರವಲ್ಲ. ರಬಾಳೆಯ ಔಷಧಿ ಡಬ್ಬಿಗಳ ಪ್ಯಾಕಿಂಗ್ ಕಂಪನಿಯಲ್ಲಿ ವರ್ಷಗಟ್ಟಲೆ ಲೈನಿನಲ್ಲಿ ನಿಂತು, ಕಾಲು ಬಾತುಕೊಂಡು, ಆ ಮಳೆಗಾಲದಲ್ಲಷ್ಟೇ ಅವಳಿಗೆ ಚೆಕ್ಕಿಂಗ್ ಟೇಬಲ್ ಸಿಕ್ಕಿತ್ತು. ಅಲ್ಲಿ ಬೆನ್ನಿರುವ ಕುರ್ಚಿ. ಹಾಳಾದ ಡಬ್ಬಿ ಎತ್ತಿ ತೋರಿಸಿದರೆ ಸೂಪರ್‌ವೈಸರೂ ಬಂದು ನೋಡಬೇಕು. ತನ್ನ ಮಾತಿಗೆ ಬೆಲೆಯಿದ್ದ ಜಾಗ ಅವಳ ಬದುಕಿನಲ್ಲಿ ಅದೊಂದೇ. ಸೂಪರ್‌ವೈಸರ್ ವಾರಿಜಾ ಮಂಗಳೂರು ಕಡೆಯವಳು, ಒಳ್ಳೆಯವಳು. ಒಂದು ತಿಂಗಳು ಹೇಗೋ ಮಾಡಿ ಕುರ್ಚಿ ಹಿಡಿದಿಡುತ್ತೇನೆ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗುವುದಿಲ್ಲ ಮಾರಾಯ್ತಿ ಅಂದಳು.

ದಾನಮ್ಮ ಮನೆಯಲ್ಲಿ ಕೂತಳು. ಕೂತ ಮೇಲೆ ಅವಳಿಗೆ ತನ್ನನ್ನು ಎಂಥ ಕಡೆ ಸಿಕ್ಕಿಸಿದ್ದಾರೆಂದು ಹೊಳೆಯಿತು. ಈ ತಿಂಗಳಲ್ಲಿ ಭೀಮು ಮಾತಾಡಿದನೋ, ಇಷ್ಟು ದಿನ ಕೆಡಿಸಿದವಳು ತಾಯಿಯೇ ಅಂತ ಸಾಬೀತಾಗಿ ಕೆಲಸ ಕಾಯಂ ಆಗಿ ಹೋಗುತ್ತದೆ. ಮಾತಾಡಲಿಲ್ಲವೋ, ಮಗು ಹೀಗೇ ಉಳಿಯುತ್ತದೆ. ಆದರೂ ಅವಳು ಬೆಳಿಗ್ಗೆ ದೇವರ ಮುಂದೆ ನಿಂತು, ಮಾತು ಬರಲಿ, ಕೆಲಸ ಹೋದರೆ ಹೋಗಲಿ ಅಂತಲೇ ಬೇಡಿಕೊಂಡಳು. ಬೇಡಿಕೊಂಡು ಒಳಗೊಳಗೇ ಅತ್ತಳು.

ಮೊಬೈಲು ಕಪಾಟು ಸೇರಿತು. ಮರಗಮ್ಮ ಊರಿನಿಂದ ಬಜೆ ಬೇರು ತರಿಸಿ, ದಿನಾ ಬೆಳಿಗ್ಗೆ ಜೇನಿನಲ್ಲಿ ತೇಯ್ದು ಮೊಮ್ಮಗನ ನಾಲಿಗೆಗೆ ಸವರಿದಳು. ಅದನ್ನು ಸವರಿದರೆ ನಾಲಿಗೆ ಹೊರಳುತ್ತದೆಂದು ಅವರ ಊರಿನ ನಂಬಿಕೆ. ಭೀಮು ಮುಖ ಸಿಂಡರಿಸಿ ಉಗಿದ. ಮೊಬೈಲಿಲ್ಲದೆ ಒಂದು ವಾರ ಗೋಡೆಗೆ ತಲೆ ಚಚ್ಚಿದ, ತಾಯಿಯ ಮುಂಗೈ ಕಚ್ಚಿದ. ಎರಡನೇ ವಾರ ಮಂಕಾಗಿ ಮುತ್ಯಾನ ತೊಡೆಯ ಮೇಲೆ ಬಿದ್ದುಕೊಂಡ. ಮಾತು ಒಂದೂ ಹೆಚ್ಚಾಗಲಿಲ್ಲ. ಮರಗಮ್ಮನ ಬಳಿ ಅದಕ್ಕೂ ಉತ್ತರವಿತ್ತು. ಮೂರು ವರ್ಷ ಕೆಡಿಸಿದ್ದು ಹದಿನೈದು ದಿನದಲ್ಲಿ ಸರಿಹೋಗುತ್ತದೇನು ಅಂದಳು.

ಅವತ್ತು ದಾನಮ್ಮ ತಡೆದುಕೊಳ್ಳಲಿಲ್ಲ. ಹಿಟ್ಟು ನಾದುತ್ತಿದ್ದ ಕೈಯಲ್ಲೇ ಎದ್ದು ನಿಂತಳು. "ಮಧ್ಯಾಹ್ನ ಮೊಬೈಲ್ ಕೊಡತಿದ್ದವ್ರು ನೀವಲ್ಲೇನ ಅತ್ತಿ? ನನಗ ಕೆಲಸ ಬಿಡಸೀರಿ, ನೀವ್ಯಾಕ ಬಿಡಲಿಲ್ಲ?"

ಮರಗಮ್ಮ ಎರಡು ದಿನ ಸೊಸೆಯ ಕೈಯ ರೊಟ್ಟಿ ಮುಟ್ಟಲಿಲ್ಲ. ಬನ್ನು ತಂದು ಚಹಾದಲ್ಲಿ ಅದ್ದಿ ತಿಂದಳು. ಸಿದ್ರಾಮ ಯಾಕೆ ಎಂದು ಕೈಯಲ್ಲಿ ಕೇಳಿದರೆ ಹಲ್ಲುನೋವು ಅಂತ ಕೆನ್ನೆ ಹಿಡಿದು ತೋರಿಸಿದಳು.

ಅತ್ತಿಗೆಯ ಪಗಾರ ನಿಂತ ಮೇಲೂ ತನ್ನ ಲೋಕಲ್ ರೈಲಿನ ಪಾಸಿಗೆ ದುಡ್ಡು ಎಲ್ಲಿಂದ ಬರುತ್ತಿದೆ ಎಂದು ಕೇಳುವ ಧೈರ್ಯ ನಾಗವೇಣಿಗೆ ಇರಲಿಲ್ಲ. ಅದೇ ವಾರ ಠಾಣೆ ಪಟ್ಟಣದ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಬಗೆಯ ಪಾಠ. ದಮಯಂತಿ ಮೇಡಂ ಬೋರ್ಡಿನ ಮೇಲೆ ಮತ್ತೆ ಅದೇ ಗೆರೆ ಹಾಕಿದರು. ಎರಡು ಸಂಗತಿ ಜೊತೆಜೊತೆಗೆ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಮಾಡಿತು ಅಂತಲ್ಲ, ಯಾವುದು ಮೊದಲು ಬಂತು ಕೇಳಿ, ಎರಡರ ಹಿಂದೆ ಮೂರನೆಯದು ಅಡಗಿದೆಯೋ ನೋಡಿ ಅಂದರು. ಹಿಂದಿನ ಪಾಠಕ್ಕೂ ಈ ಪಾಠಕ್ಕೂ ನಡುವೆ ಬರೀ ಮೂರು ವಾರ. ಆ ಮೂರು ವಾರದಲ್ಲಿ ತಾನು ಒಂದು ಮನೆಯನ್ನು ಹೊತ್ತಿಸಿ ಕೂತಿದ್ದೆ ಎಂದು ನಾಗವೇಣಿಗೆ ಅನಿಸಿತು.

ಸಂಜೆ ಬಂದವಳೇ ಚೀಲವನ್ನೂ ಇಳಿಸದೆ ಮೆಂತೆ ಬಿಡಿಸುತ್ತಿದ್ದ ದಾನಮ್ಮನ ಎದುರು ಕೂತಳು. "ವೈನಿ, ಸಚ್ ಬೋಲೋ, ಖರೇ ಹೇಳು. ಮೊಬೈಲ್ ಮೊದಲ ಕೊಟ್ಟಿದ್ದೋ, ಮಾತ ನಿಂತಿದ್ದ ಮೊದಲೋ?"

ಇಷ್ಟು ದಿನ ಈ ಪ್ರಶ್ನೆಯನ್ನು ದಾನಮ್ಮನಿಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಅವಳಿಗೆ ಹೇಳಿದ್ದರು. ಅವಳು ಯೋಚಿಸಿ ಯೋಚಿಸಿ ಹೇಳಿದಳು. ಕೂಸಾಗಿದ್ದಾಗ ಭೀಮು ಬಾಬಾಬಾ ಅಂತ ಏನೇನೋ ಕಲಕಲ ಅನ್ನುತ್ತಿದ್ದ. ವರ್ಷ ತುಂಬುವ ಹೊತ್ತಿಗೆ ದೊಡ್ಡ ಜ್ವರ ಬಂದು ಆಸ್ಪತ್ರೆಗೆ ಹಾಕಿದ್ದರು. ಆಮೇಲೆ ಕಲಕಲ ಕಡಿಮೆಯಾಯಿತು. ಬೇರೆ ಮಕ್ಕಳ ಜೊತೆ ಬಿಟ್ಟರೆ ಆಟ ತಿಳಿಯದೆ ಹೊಡೆದಾಡಿ ಅಳುತ್ತಿದ್ದ. ಸುಮ್ಮನಾಗಲಿ ಅಂತ ಮೊಬೈಲ್ ಕೊಟ್ಟದ್ದು ಆಮೇಲೆ.

"ಅದ ಹಳೇ ಮೊಬೈಲ್. ನೀರಾಗ ಬಿದ್ದು ಅದರ ದನಿ ಹೋಗಿತ್ತಲ್ಲ, ಅದು. ಬರೇ ಚಿತ್ರ ಬರತಿದ್ದವು. ಅವಗ ಅಷ್ಟ ಸಾಕಾಗತಿತ್ತು," ಅಂದಳು.

ನಾಗವೇಣಿ ಒಂದು ಎಳೆ ಮೆಂತೆ ಎತ್ತಿಕೊಂಡು ಸುಮ್ಮನೆ ಹಿಸುಕಿದಳು. ದನಿಯಿಲ್ಲದ ಮೊಬೈಲಿನಲ್ಲಿ ಹಾಡಿನ ಚಿತ್ರ ನೋಡುತ್ತಾ ಗಂಟೆಗಟ್ಟಲೆ ಕೂರುವ ಮಗು ಇನ್ನೆಲ್ಲಿದೆ ಎಂಬುದು ಅವರಿಬ್ಬರಿಗೂ ಒಟ್ಟಿಗೇ ತಟ್ಟಿತು. ದಾನಮ್ಮ ಎದ್ದು ಮಗ ಎಲ್ಲಿದ್ದಾನೆಂದು ನೋಡಿದಳು. ಅವನು ಬಾಗಿಲಲ್ಲಿ ಬೆನ್ನು ಮಾಡಿ ಕೂತಿದ್ದ. ಕರೆಯಬೇಕೆಂದು ಬಾಯಿ ತೆರೆದಳು, ಕರೆಯಲಾಗಲಿಲ್ಲ. ಓಡಿಹೋಗಿ ಎತ್ತಿಕೊಂಡಳು.

ಮರುದಿನ ನಾಗವೇಣಿ ದಮಯಂತಿ ಮೇಡಂ ಹತ್ತಿರ ನಿಂತು ಎಲ್ಲ ಹೇಳಿದಳು. ಮನೆಯಲ್ಲಿ ಹಿಂದಿನಿಂದ ಕರೆದರೆ ತಿರುಗುತ್ತಾನಾ ಅಂತ ಮೇಡಂ ಕೇಳಿದರು. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಿಂದಿನಿಂದ ಕರೆಯುವುದಿಲ್ಲ ಮೇಡಂ ಅಂದಳು. ಹಾಗಾದರೆ ಕರೆದು ನೋಡಿ, ಅವನದೇ ವಯಸ್ಸಿನ ಇನ್ನೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಂಬಿಕೆ ಬಂದರೂ ಬರದಿದ್ದರೂ ಆಸ್ಪತ್ರೆಗಂತೂ ಹೋಗಿ, ನಾನು ಕಿವಿಯ ಡಾಕ್ಟರಲ್ಲ ಎಂದರು.

ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ನಾಗವೇಣಿ ವಿಷಯ ಹೇಳಿದ್ದೇ ಮರಗಮ್ಮ ಕೆಂಡವಾದಳು. ಮೊದಲು ಮೊಬೈಲ್ ಅಂದಿ, ಈಗ ಕಿವುಡ ಅಂತೀಯ, ನಾಳೆ ಪುಸ್ತಕ ಇನ್ನೇನು ಹೇಳುತ್ತದೋ ಎಂದಳು. ತನ್ನ ಮಾತು ಸರಿ ಎಂದು ತೋರಿಸಲು ತಾನೇ ಹಿಟ್ಟು ನಾದುವ ಸ್ಟೀಲಿನ ಪರಾತ ಎತ್ತಿಕೊಂಡು ಮಾಳ ಹತ್ತಿದಳು. ಅಲ್ಲಿ ಭೀಮು ಬೆನ್ನು ಮಾಡಿಕೊಂಡು ಆಡುತ್ತಿದ್ದ. ಪರಾತವನ್ನು ಹಲಗೆಯ ಮೇಲೆ ಧಡ್ ಅಂತ ಒಗೆದಳು. ಭೀಮು ಬೆಚ್ಚಿ ತಿರುಗಿದ.

"ಕಂಡ್ರಿ?" ಅಂದಳು ಮರಗಮ್ಮ, ಗೆದ್ದವಳ ಹಾಗೆ. ದಿಲೀಪನ ಮುಖದ ಮೇಲೂ ಜೀವ ಬಂತು. ದಾನಮ್ಮ ಒಂದು ಗಳಿಗೆ ನಂಬಿದಳು, ಅಷ್ಟು ನಂಬಬೇಕಾಗಿತ್ತು ಅವಳಿಗೆ.

ನಾಗವೇಣಿ ಮಾತ್ರ ತಾನೂ ಮಾಳ ಹತ್ತಿ ಹಲಗೆಯ ಮೇಲೆ ಕೈಯಿಟ್ಟು, ಇನ್ನೊಮ್ಮೆ ಒಗೆಯವ್ವ ಅಂದಳು. ಪರಾತ ಬಿದ್ದಾಗ ಹಲಗೆಯ ನಡುಕ ಅವಳ ಅಂಗೈಗೆ ಹತ್ತಿತು. ಇದು ಕಿವಿಯಲ್ಲ, ಕುಂಡಿಗೆ ತಿಳಿದಿದ್ದು ಎಂದಳು. ಹೊರಗೆ ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸೋಣ ಎಂದು ಭೀಮುನನ್ನು ಎತ್ತಿಕೊಂಡು ಇಳಿದಳು.

ಪಕ್ಕದ ಮನೆಯ ಕೌಶಲ್‌ನನ್ನು ಕರೆತಂದು ಭೀಮುನ ಜೊತೆ ಕೂರಿಸಿ ಇಬ್ಬರ ಮುಂದೆಯೂ ಶೇಂಗಾ ಹಾಕಿದರು. ಶೇಂಗಾ ಕಂಡ ಸಿದ್ರಾಮ ತಾನೂ ಬಂದು ಮೊಮ್ಮಗನಿಗೆ ಒತ್ತಿ ಕೂತುಬಿಟ್ಟ. ಪ್ರಯೋಗ ಕೆಡುತ್ತದೆ, ಏಳಪ್ಪ ಅಂತ ನಾಗವೇಣಿ ಸನ್ನೆ ಮಾಡಿದರೆ ಅವನು ಏಳಲಿಲ್ಲ. ಮೂವರೂ ಗಲ್ಲಿಯ ಕಡೆ ಮುಖ ಮಾಡಿ ಸುಲಿಯತೊಡಗಿದರು. ಮನೆಯವರು ಅವರ ಹಿಂದೆ ಬಾಗಿಲಲ್ಲಿ ನಿಂತರು.

ನಾಗವೇಣಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಕೌಶಲ್ ತಿರುಗಿದ. ಭೀಮು ಅಂತ ಕರೆದಳು. ತನ್ನ ಹೆಸರಲ್ಲದಿದ್ದರೂ ಕೌಶಲನೇ ತಿರುಗಿದ. ಜೋರಾಗಿ ಕರೆದಳು, ಕೌಶಲ್ ಮತ್ತೆ ತಿರುಗಿ, ಅವ ಇಲ್ಲೇ ಇದ್ದಾನಲ್ಲ ಎನ್ನುವಂತೆ ಹಿಂದಿಯಲ್ಲಿ ಏನೋ ಅಂದ. ದಿಲೀಪ ಮೂಟೆ ಇಳಿಸುವವರ ಗಂಟಲಿನಲ್ಲಿ ಮಗನ ಹೆಸರು ಕೂಗಿದ. ಎದುರು ಮನೆಯವರು ಕಿಟಕಿಗೆ ಬಂದರು. ಅಜ್ಜ ಮೊಮ್ಮಗ ಇಬ್ಬರೂ ಶೇಂಗಾ ಸುಲಿಯುತ್ತಲೇ ಇದ್ದರು. ಭೀಮು ಒಂದು ಕಾಳು ಮುತ್ಯಾನ ಬಾಯಿಗಿಟ್ಟ.

ದಾನಮ್ಮ ಬಾಗಿಲ ಚೌಕಟ್ಟು ಹಿಡಿದಳು. ಆದರೆ ಮೊದಲು ಕುಸಿದು ಕೂತವಳು ಮರಗಮ್ಮ. ಸೆರಗು ಬಾಯಿಗೆ ತುರುಕಿಕೊಂಡು ಆ ಎರಡು ಬೆನ್ನುಗಳನ್ನೇ ನೋಡುತ್ತಿದ್ದಳು. ಒಂದು ದೊಡ್ಡದು, ಒಂದು ಸಣ್ಣದು.

"ಇದು ನನಗ ಗೊತ್ತಿರೂ ಬೆನ್ನು," ಅಂದಳು. "ಕರದು ಕರದು ಸಾಕಾಗಿ ಕರಿಯೂದ ಬಿಟ್ಟೆ. ಇದ ಬೆನ್ನು ಮತ್ತ ಮನ್ಯಾಗ ಹುಟ್ಟೈತಿ, ನನಗ ಕಾಣಲಿಲ್ಲ."

ಆಮೇಲೆ ಒಂದೊಂದೇ ನಡೆಯಿತು. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ದಾನಮ್ಮ ಮೂರು ಸಲ ನಿಂತಳು. ನಿದ್ದೆ ಬರಿಸಿ, ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿ ಬಹಳ ಮಂದ, ಆದರೆ ಪೂರ್ತಿ ಹೋಗಿಲ್ಲ, ಮಷೀನು ಹಾಕಿದರೆ ಕೇಳುತ್ತದೆ, ಮಾತಿನ ತಾಲೀಮು ಕೊಟ್ಟರೆ ಮಾತೂ ಬರುತ್ತದೆ, ತಡ ಮಾಡಿದ್ದೀರಿ ಅಂದರು. ಆ ಜ್ವರದಿಂದಲೇನು ಅಂತ ದಾನಮ್ಮ ಕೇಳಿದಳು. ಇರಬಹುದು, ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಗೊತ್ತಿಲ್ಲ ಎಂದು ಹೇಳುವವರನ್ನು ಅಷ್ಟು ದಿನಗಳಲ್ಲಿ ಅವಳು ಕಂಡದ್ದು ಅದೇ ಮೊದಲು. ಅದರಿಂದ ಅವಳಿಗೆ ಎಷ್ಟೋ ಸಮಾಧಾನವಾಯಿತು.

ಆದರೆ ಮನೆಯಲ್ಲಿ ಮರಗಮ್ಮನಿಗೆ ದೂರಲು ಯಾರಾದರೂ ಬೇಕೇ ಬೇಕಿತ್ತು. ಸೊಸೆ ತಪ್ಪಿದಳು, ಈಗ ಗಂಡ ಸಿಕ್ಕ. ಎಲ್ಲಿಂದ ಬರುತ್ತದೆ, ಮುತ್ಯಾನ ರಕ್ತದಿಂದ ಬಂತು ಅಂತ ಅವನ ಎದುರೇ ನಿಂತು ಅಂದುಬಿಟ್ಟಳು. ತುಟಿ ಓದುವವನ ಮುಂದೆ ಮಾತು ಜಾರಿದರೆ ಹಿಡಿಯುವುದಾದರೂ ಹೇಗೆ. ಸಿದ್ರಾಮ ಸಂಜೆ ತಾಟಿನ ಮುಂದಿನಿಂದ ಎದ್ದುಹೋದ. ಮೊಮ್ಮಗ ಬಂದು ತೊಡೆ ಹತ್ತಿದರೆ ಮೆಲ್ಲಗೆ ಇಳಿಸಿಬಿಟ್ಟ, ತನ್ನಿಂದ ಇನ್ನೂ ಏನಾದರೂ ಅಂಟುತ್ತದೆಯೋ ಎನ್ನುವವನ ಹಾಗೆ. ದಾನಮ್ಮನಿಗೆ ತನ್ನನ್ನು ದೂರಿದಾಗಿನ ನೋವಿಗಿಂತ ಇದು ಹೆಚ್ಚಾಯಿತು.

ಅವಳು ನಾಗವೇಣಿಯನ್ನು ಕೇಳಿ ಖಚಿತ ಮಾಡಿಕೊಂಡಳು, ಆಸ್ಪತ್ರೆಯಲ್ಲೂ ಕೇಳಿದಳು. ಆಮೇಲೆ ಮಾವನ ಎದುರು ಮಂಡಿಯೂರಿ ಕೂತಳು. ಒಂದು ಅಂಗೈಯ ಮೇಲೆ ಇನ್ನೊಂದು ಮುಷ್ಟಿಯನ್ನು ಮತ್ತೆ ಮತ್ತೆ ಅಪ್ಪಳಿಸಿ ಪ್ರೆಸ್ಸಿನ ಮಷೀನು ತೋರಿಸಿದಳು. ಅವನ ಕಿವಿ ತೋರಿಸಿದಳು. ಆಮೇಲೆ ತನ್ನ ಮುಂಗೈಯ ನರದ ಮೇಲೆ ಬೆರಳು ಎಳೆದು, ಭೀಮುನ ಕಡೆ ತೋರಿಸಿ, ಇಲ್ಲ ಅಂತ ಕೈಯಾಡಿಸಿದಳು.

"ಮಷೀನಿನ ಸಪ್ಪಳ ರಕ್ತದಾಗ ಇಳಿಯೂದಿಲ್ಲ ಮಾವ," ಅಂದಳು, ತುಟಿಗಳನ್ನು ಬಿಡಿಬಿಡಿಯಾಗಿ ಆಡಿಸಿ. "ಡಾಕ್ಟರ್ ಹೇಳ್ಯಾರ. ನಿಮ್ಮಿಂದ ಬಂದದ್ದಲ್ಲ."

ಸಿದ್ರಾಮ ಸೊಸೆಯ ತಲೆಯ ಮೇಲೆ ಕೈಯಿಟ್ಟ. ತಣ್ಣಗಾದ ರೊಟ್ಟಿ ತಂದುಕೊಡು ಎಂದು ಸನ್ನೆ ಮಾಡಿದ. ಗೋಡೆಯ ಮಗ್ಗುಲಲ್ಲಿ ಮರಗಮ್ಮ ಅಕ್ಕಿ ಆರಿಸುತ್ತಿದ್ದಳು, ಅವಳು ನೋಡಲಿಲ್ಲ ಎನ್ನುವಂತಿಲ್ಲ.

ಸರಕಾರದ ಯೋಜನೆಯಲ್ಲಿ ಕಿವಿಯ ಮಷೀನು ಕೈಸೇರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ವಾರಿಜಾ ಹೇಳಿದ್ದ ತಿಂಗಳೂ ಎಂದೋ ಕಳೆದಿತ್ತು. ಕುರ್ಚಿಗೆ ಬೇರೆ ಹುಡುಗಿ ಬಂದಿದ್ದಳು. ಲೈನಿನಲ್ಲಾದರೆ ಜಾಗವಿದೆ, ಮತ್ತೆ ನಿಲ್ಲಬೇಕಾಗುತ್ತದೆ ಅಂತ ವಾರಿಜಾ ಫೋನಿನಲ್ಲಿ ಹೇಳಿದಾಗ ದಾನಮ್ಮ ಬರುತ್ತೇನೆ ಅಂದಳು. ಪಕ್ಕದಲ್ಲಿದ್ದ ನಾಗವೇಣಿ ಅಳತೊಡಗಿದಳು. ಕಾಲೇಜು ಬಿಟ್ಟು ತಾನೇ ಕೆಲಸಕ್ಕೆ ಹೋಗುತ್ತೇನೆ, ಎಲ್ಲ ತನ್ನಿಂದಾದದ್ದು ಅಂದಳು.

"ಓದೂದ ಬಿಡಬ್ಯಾಡ," ಅಂದಳು ದಾನಮ್ಮ. ದನಿ ಸ್ವಲ್ಪ ಒರಟಾಗಿಯೇ ಬಂತು. "ಅರ್ಧ ಓದಿ ಹೇಳೂದ ಬಿಡು. ಮೊದಲ ತಪ್ಪ ಹೇಳಿದಾಕಿ ನೀನ, ಆಮ್ಯಾಲ ಸರಿ ಕೇಳಿದಾಕಿನೂ ನೀನ."

ಮಷೀನು ಹಾಕಿದ ಮೊದಲ ದಿನ ಯಾರೂ ಅಂದುಕೊಂಡಂತೆ ಆಗಲಿಲ್ಲ. ದಿಲೀಪ ಪೇಡೆ ತಂದಿದ್ದ. ಭೀಮು ಕುಕ್ಕರಿನ ಸೀಟಿಗೆ ಕಿರುಚಿ, ಎರಡೂ ಕಿವಿಯ ಮಷೀನು ಕಿತ್ತು ಒಗೆದು ಮುತ್ಯಾನ ಹೊಟ್ಟೆಯಲ್ಲಿ ಮುಖ ಹುದುಗಿಸಿದ. ಕೇಳುವುದು ಬೇರೆ, ಕೇಳಿದ್ದು ಏನೆಂದು ತಿಳಿಯುವುದು ಬೇರೆ, ಕೂಸಿಗೆ ಹೇಳಿದ ಹಾಗೆ ಮೊದಲಿನಿಂದ ಹೇಳಬೇಕು ಎಂದು ಮಾತಿನ ತಾಲೀಮು ಕೊಡುವ ಹೆಂಗಸು ಮೊದಲೇ ಹೇಳಿದ್ದರು. ಯಾವ ಭಾಷೆ ಆಡಬೇಕು ಅಂತ ಕೇಳಿದಾಗ ಆಕೆ, ನಿಮ್ಮ ಬಾಯಿಗೆ ಸಲೀಸಾಗಿ ಬರುವುದು ಯಾವುದೋ ಅದನ್ನೇ ಆಡಿ, ಆದರೆ ಬಾಯಿ ಮುಚ್ಚಬೇಡಿ ಎಂದಿದ್ದರು. ಕಂಡದ್ದು, ಮಾಡಿದ್ದು, ಮುಟ್ಟಿದ್ದು ಎಲ್ಲ ಮಗುವಿನ ಹತ್ತಿರ ಕೂತು ಹೇಳುತ್ತಲೇ ಇರಬೇಕು. ಕೈಸನ್ನೆಯನ್ನೂ ಬಿಡುವುದು ಬೇಡ, ಅದೂ ಮಾತೇ, ಅದರ ಜೊತೆಗೆ ದನಿಯೂ ಇರಲಿ.

ಹಗಲೆಲ್ಲ ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ಯಾರೂ ಮರಗಮ್ಮನನ್ನು ಕೇಳಲಿಲ್ಲ. ಒಂದು ಬೆಳಿಗ್ಗೆ ಅವಳೇ, ಸೆಕ್ಟರಿನ ಎರಡೂ ಮನೆಯ ಪಾತ್ರೆ ಕೆಲಸ ಬಿಟ್ಟೆ, ಸೊಂಟ ಏಳುವುದಿಲ್ಲ ಅಂತ ಗೋಡೆಗೆ ಹೇಳುವ ಹಾಗೆ ಹೇಳಿದಳು. ದಾನಮ್ಮನ ಊಟದ ಡಬ್ಬಿ ಕಟ್ಟಿ ಬಾಗಿಲ ಹತ್ತಿರ ಇಟ್ಟಳು. ಸೊಸೆಯ ಮುಖ ಮಾತ್ರ ನೋಡಲಿಲ್ಲ. ದಾನಮ್ಮ ಅತ್ತೆಯ ಬಾಯಿಂದ ಒಂದು ಮಾತು ಬಂದೀತೆಂದು ಆಸ್ಪತ್ರೆಯ ದಿನದಿಂದ ಕಾದಿದ್ದಳು. ಬರಲಿಲ್ಲ, ಇನ್ನು ಬರುವುದೂ ಇಲ್ಲ ಅಂತ ಡಬ್ಬಿ ಎತ್ತಿಕೊಂಡು ಹೊರಟಳು.

ಲೈನಿನಲ್ಲಿ ನಿಂತು ನಿಂತು ಕಾಲು ಮತ್ತೆ ಬಾತುಕೊಂಡವು. ಚೆಕ್ಕಿಂಗ್ ಟೇಬಲ್ಲಿನ ಹುಡುಗಿ ಡಬ್ಬಿ ಎತ್ತಿ ತೋರಿಸಿದಾಗ ದಾನಮ್ಮ ಆ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಕಂಪನಿಯಲ್ಲಿ ಕರೆಂಟು ಹೋಗಿ ಪಾಳಿ ಬೇಗ ಬಿಟ್ಟಿತು. ಗಲ್ಲಿ ಹೊಕ್ಕವಳಿಗೆ ದೂರದಿಂದಲೇ ತನ್ನ ಮನೆಯಿಂದ ದನಿ ಕೇಳಿಸಿತು. ಆ ಮನೆಯಿಂದ ದನಿ ಬರುವುದೇ ಹೊಸದು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮರಗಮ್ಮ ಬಾಗಿಲಿಗೆ ಬೆನ್ನು ಮಾಡಿ, ಕಿವಿಗೆ ಮಷೀನು ಹಾಕಿದ ಭೀಮುನನ್ನು ತನ್ನ ಕಡೆ ಮುಖ ಮಾಡಿಸಿ ತೊಡೆಯ ಮೇಲೆ ಕೂರಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಮಾತು ಎಡಬಿಡದೆ ಸಾಗಿತ್ತು.

"ಇದು ಅವರಿಕಾಯಿ. ಇದು ಸಿಪ್ಪಿ. ಸಿಪ್ಪಿ ಒಗಿ. ಹಾಂ. ನಿಮ್ಮಪ್ಪ ಗೋಡೌನಿಗಿ ಹೋಗ್ಯಾನ. ನಿಮ್ಮವ್ವ ಕಂಪನಿಗಿ ಹೋಗ್ಯಾಳ. ಅಲ್ಲಿ ಆಕಿಗಿ ಕುರ್ಚಿ ಇತ್ತು. ನಾ ಬಿಡಿಸಿದೆ. ಈಗ ನಿಂದ್ರತಾಳ. ಕಾಲ ಬಾತಾವ, ನಾ ನೋಡೀನಿ. ತಪ್ಪು ನಂದು. ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ. ನಿನಗ ಮಾತ ಬಂದ ಮ್ಯಾಲ ನೀ ಹೇಳು. ಇದು ಕಾಳು. ಕಾಳು ಅನ್ನು."

ದಾನಮ್ಮ ಹೊಸ್ತಿಲಿನ ಈಚೆ ನಿಂತಳು. ಕಣ್ಣು ತುಂಬಿ ಗಲ್ಲಿಯೆಲ್ಲ ಕಲಸಿಹೋಯಿತು. ಈಗ ಒಳಗೆ ಹೆಜ್ಜೆಯಿಟ್ಟರೆ ಅತ್ತೆ ನಾಚಿ ಸಾಯುತ್ತಾಳೆ, ನಾಳೆಯಿಂದ ಈ ಬಾಯಿ ಮುಚ್ಚಿದರೂ ಮುಚ್ಚಿತು ಅನಿಸಿತು. ಸದ್ದಾಗದಂತೆ ಹಿಂದಕ್ಕೆ ಸರಿದು ಗಲ್ಲಿಯ ತಿರುವಿನ ತನಕ ಹೋದಳು. ಮುಖ ಒರೆಸಿಕೊಂಡಳು. ಆಗಷ್ಟೇ ಬರುತ್ತಿರುವವಳ ಹಾಗೆ ಚಪ್ಪಲಿ ಬಡಿದು ನಡೆದು ಬಂದು, ಅತ್ತೆಗೆ ಕೇಳಲಿ ಅಂತ ಕೈಯಲ್ಲಿದ್ದ ಡಬ್ಬಿಯಿಂದ ಬಾಗಿಲಿನ ತಗಡನ್ನು ಎರಡು ಸಲ ಬಡಿದಳು.

ಮರಗಮ್ಮನ ಗಮನಕ್ಕೇ ಅದು ಬರಲಿಲ್ಲ, ಅವಳು ಕಾಳಿನ ಮೇಲೆ ಕಣ್ಣಿಟ್ಟು ಇನ್ನೂ ಮಾತಾಡುತ್ತಿದ್ದಳು. ತೊಡೆಯ ಮೇಲಿದ್ದ ಭೀಮು ಸಿಪ್ಪೆ ಹಿಡಿದ ಕೈ ನಿಲ್ಲಿಸಿ, ಅಜ್ಜಿಯ ಭುಜದ ಮೇಲಿನಿಂದ ಕತ್ತೆತ್ತಿ ಬಾಗಿಲ ಕಡೆ ನೋಡಿದ.